ಅವ್ವಮ್ಮನ ಪಿನ್ನು

ಕತ್ತರಿ ಸಿಗಲಿಲ್ಲ. ಅಡುಗೆಮನೆಯದನ್ನು ಎಲ್ಲಿಟ್ಟಿದ್ದೇನೆಂದು ಕಾಂತಿಗೆ ನೆನಪಾಗಲಿಲ್ಲ. ಕೊನೆಗೆ ಮಗಳು ಸುರಕ್ಷಾ ತನ್ನ ಕಾಲೇಜು ಬ್ಯಾಗಿನಿಂದ ಕಾಗದ ಕತ್ತರಿಸುವ ಸಣ್ಣ ಕತ್ತರಿಯನ್ನು ತಂದು, ಅಂಗಳದಲ್ಲಿ ಮರೆಗೆ ಕಟ್ಟಿದ್ದ ಸೀರೆಯ ಸಂದಿಯಿಂದ ದೊಡ್ಡಪ್ಪನಿಗೆ ಕೊಟ್ಟಳು. ಶೀನಪ್ಪ ಬಾಳೆಲೆಯ ಮೇಲೆ ಮಲಗಿಸಿದ್ದ ತಮ್ಮ ಶೋಧನನ ಶವದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಉಡಿದಾರಕ್ಕೆ ಕತ್ತರಿ ಹಾಕಿದರು. ಕಪ್ಪು ದಾರ ಎರಡನೆಯ ಸಲಕ್ಕೆ ತುಂಡಾಯಿತು. ಅದಕ್ಕೆ ಸಿಕ್ಕಿಸಿದ್ದ ಒಂದು ಸೇಫ್ಟಿ ಪಿನ್ನು ಸಿಮೆಂಟಿನ ಮೇಲೆ ಬಿದ್ದು ಟಿಣ್ ಎಂದಿತು.

“ಎಂತ ಅದು, ಬಂಗಾರವಾ?” ಬಿಸಿನೀರಿನ ಕೊಡಪಾನ ಹಿಡಿದಿದ್ದ ನೆರೆಮನೆಯ ತುಕ್ರಪ್ಪ ಕೇಳಿದ.

“ಲ್ಯಾಬ್ ಅಟೆಂಡರನ ಸೊಂಟಕ್ಕೆ ಬಂಗಾರ ಎಲ್ಲಿಂದ ಮಾರಾಯ? ಹಿತ್ತಾಳೆ ಪಿನ್ನು.”

ಬಂಗಾರವಾದರೆ ತೆಗೆದಿಡುತ್ತಾರೆ. ಮೈಮೇಲಿನ ಉಳಿದದ್ದನ್ನು ಮನೆಯೊಳಗೆ ತರುವ ಕ್ರಮವಿಲ್ಲ. ಶೀನಪ್ಪ ದಾರವನ್ನೂ ಪಿನ್ನನ್ನೂ ಸೇರಿಸಿ ದಾಸವಾಳದ ಬುಡಕ್ಕೆ ಎಸೆದು, “ನೀರು ಹೊಯ್ಯಿ” ಎಂದರು.

ದಾಸವಾಳದ ಗಿಡದ ಪಕ್ಕ ಅನ್ಸಾಫ್ ನಿಂತಿದ್ದ. ಕಲ್ಲಡ್ಕದಲ್ಲಿ ಬೇಕರಿ ಇಟ್ಟುಕೊಂಡಿರುವ ಅವನು ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಓದಿ ಮಿಜಾರಿನ ಈ ಮನೆಗೆ ಬಂದಿದ್ದ. ಹಿಂದಿನ ದಿನ ಮಧ್ಯಾಹ್ನ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಶೋಧನ್ ಪರೀಕ್ಷೆಗೆ ತಯಾರಿ ನಡೆಸಿದ್ದ. ಇಪ್ಪತ್ತನಾಲ್ಕು ಬ್ಯೂರೆಟ್‌ಗಳಲ್ಲಿ ಹದಿನೇಳನ್ನು ತುಂಬಿಸಿ, ಹದಿನೆಂಟನೆಯದರ ಎದುರು ಕುಸಿದುಬಿದ್ದ. ವಯಸ್ಸು ನಲವತ್ತೊಂಬತ್ತು.

ದೂರದಿಂದ ಮುಖ ನೋಡಿ ಹೊರಟುಬಿಡುವುದು ಅನ್ಸಾಫನ ಯೋಚನೆಯಾಗಿತ್ತು. ವ್ಯಾನನ್ನು ರಸ್ತೆಯ ಕಡೆ ಮುಖ ಮಾಡಿಯೇ ನಿಲ್ಲಿಸಿದ್ದ. ಅವನೂ ಶೋಧನನೂ ಮಾತು ಬಿಟ್ಟು ಇಪ್ಪತ್ತೇಳು ವರ್ಷವಾಗಿತ್ತು. ಹೀಗಿರುವಾಗ ಸಾವಿನ ಮನೆಯ ಅಂಗಳದಲ್ಲಿ ತಾನು ಯಾರೆಂದು ಹೇಳಿಕೊಳ್ಳಬೇಕು ಎಂಬುದು ಅವನಿಗೆ ತಿಳಿದಿರಲಿಲ್ಲ.

ಅವನು ಬಗ್ಗಿ ಪಿನ್ನನ್ನು ಎತ್ತಿಕೊಂಡ. ಸಾಧಾರಣ ಪಿನ್ನಿಗಿಂತ ದಪ್ಪ, ಉದ್ದ ಎರಡು ಇಂಚು. ತಲೆಯ ಮೇಲೆ ಅರ್ಧ ಸವೆದ ಒಂದು ನಕ್ಷತ್ರ. ನಕ್ಷತ್ರದ ಕೆಳಗೆ, ಅಕ್ಕಿಕಾಳಿನಷ್ಟು, ಸೀಸದ ಬಣ್ಣದ ಬೆಸುಗೆ. ಬೆಸುಗೆಯ ಪರಿಚಯ ಅವನಿಗಿರಲಿಲ್ಲ. ನಕ್ಷತ್ರದ ಪರಿಚಯವಿತ್ತು.

* * *

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಅವರಿಬ್ಬರೂ ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದರು. ಅನ್ಸಾಫನ ಮಾವ ಬಹರೈನಿನಿಂದ ತಂದ ಪೆಟ್ಟಿಗೆಯಲ್ಲಿ ಯಾರೋ ರೂಮಿನವನು ಬಿಟ್ಟುಹೋದ ಕ್ಯಾಸೆಟ್ಟೊಂದಿತ್ತು. ಹಾಡುಗಾರ ಹಾಡುವ ಬದಲು ಬೈಯುತ್ತಿದ್ದ. ಒಂದು ಹಾಡೂ ಎರಡು ನಿಮಿಷ ದಾಟುತ್ತಿರಲಿಲ್ಲ. ಕ್ಯಾಸೆಟ್ಟಿನ ಡಬ್ಬಿಯಲ್ಲಿ ಮಡಚಿಟ್ಟಿದ್ದ ಪತ್ರಿಕೆಯ ಹಾಳೆಯಲ್ಲಿ ಮುಳ್ಳುಹಂದಿಯಂಥ ಕೂದಲಿನ ಹುಡುಗರ ಚಿತ್ರವಿತ್ತು, ಕೆಳಗೆ ‘ಪಂಕ್’ ಎಂಬ ಪದವಿತ್ತು. ಅಷ್ಟೇ ಆಧಾರದ ಮೇಲೆ ಇವರು ಪಂಕ್ ಆದರು.

ಬ್ಯಾಂಡಿನ ಹೆಸರು ‘ಇಲಿಪಾಷಾಣ’. ಶೋಧನನದು ಹಳೆಯ ಗಿಟಾರು ಮತ್ತು ಗಂಟಲು, ಅನ್ಸಾಫನದು ನೀರಿನ ಪ್ಲಾಸ್ಟಿಕ್ ಡ್ರಮ್ಮು ಮತ್ತು ಅನ್ನದ ತಪಲೆಯ ಮುಚ್ಚಳ. ಶೀನಪ್ಪನವರ ರೇಡಿಯೋದ ಸ್ಪೀಕರನ್ನು ಇಲಿ ಕಡಿದಿತ್ತು. ಗಿಟಾರನ್ನು ಅದಕ್ಕೆ ಜೋಡಿಸಿದಾಗ ಕ್ಯಾಸೆಟ್ಟಿನಲ್ಲಿದ್ದಂಥದೇ ಹರಕು ಸದ್ದು ಬಂತು. ಕೂದಲು ನಿಲ್ಲಿಸಲು ಬಟ್ಟೆಗೆ ಹಾಕುವ ಗಂಜಿತಿಳಿ. ಬಿಸಿಲಿಗೆ ಅದು ಚೆನ್ನಾಗಿ ಗಟ್ಟಿಯಾಗುತ್ತಿತ್ತು, ಸಂಜೆ ಇರುವೆಗಳು ಬರುತ್ತಿದ್ದವು.

ಬೆಳ್ತಂಗಡಿ ಕಡೆಯ ಒಂದು ಯುವಕ ಮಂಡಲದವರು ವಾರ್ಷಿಕೋತ್ಸವದಲ್ಲಿ ನಾಟಕದ ಮೊದಲು ಹದಿನೈದು ನಿಮಿಷ ಕೊಟ್ಟರು. ಅವರು ಆರ್ಕೆಸ್ಟ್ರಾ ಎಂದುಕೊಂಡಿದ್ದರು. ಅಂದು ಸಂಜೆ ಅನ್ಸಾಫ್ ತನ್ನ ಉಮ್ಮ, ತಾಯಿ ಅವ್ವಮ್ಮ, ತಲೆಬಟ್ಟೆಗೆ ಹಾಕುತ್ತಿದ್ದ ಹಿತ್ತಾಳೆ ಪಿನ್ನನ್ನು ಕದ್ದು ತಂದಿದ್ದ. ಮೀನಿನ ಪೆಟ್ಟಿಗೆಯ ಐಸಿನ ತುಂಡನ್ನು ಶೋಧನನ ಕಿವಿಗೆ ಒತ್ತಿ ಹಿಡಿದು, ಮೂರು ಎಣಿಸುತ್ತೇನೆಂದು ಹೇಳಿ, ಎರಡಕ್ಕೇ ಚುಚ್ಚಿದ.

ನಿಲ್ಲದ ಎಕ್ಸ್‌ಪ್ರೆಸ್ ಬಸ್ಸನ್ನು ಬೈಯುವ ತುಳು ಹಾಡು ಒಂದು ನಿಮಿಷ ನಲವತ್ತು ಸೆಕೆಂಡಿನದು. ಶೋಧನ್ ಲ್ಯಾಬಿನ ಸ್ಟಾಪ್‌ವಾಚ್ ತಂದು ಅಳೆದಿದ್ದ. ಎರಡನೆಯ ಹಾಡಿಗೆ ಮೈಕಿನವನು ಸ್ವಿಚ್ಚು ತೆಗೆದ. ಆ ಮೌನದಲ್ಲಿ ಎದುರು ಸಾಲಿನ ಅಜ್ಜಿಯೊಬ್ಬರು ಎದ್ದು, “ಮಗಾ, ಕಿವಿಯಲ್ಲಿ ರಕ್ತ ಬರ್ತಾ ಉಂಟು. ಅರಶಿನ ಹಚ್ಚು” ಎಂದರು.

ಗಾಯ ನಾಲ್ಕನೆಯ ದಿನಕ್ಕೆ ಕೀವಾಯಿತು. ಅರಶಿನ ಕಲಸಿದ ಎಣ್ಣೆ ಹಚ್ಚಿದ್ದು ಅವ್ವಮ್ಮ. ಪಿನ್ನಿನ ಗುರುತು ಅವರಿಗೆ ಮೊದಲ ನೋಟಕ್ಕೇ ಸಿಕ್ಕಿತ್ತು.

“ಇಡೀ ಮನೆ ಹುಡುಕಿದೆ ನಾನು,” ಎಂದರು. “ಈಗ ತೆಗೀಬೇಡ, ಮತ್ತೆ ಹರಿದೀತು. ಗಾಯ ಗುಣ ಆದ ಮೇಲೆ ವಾಪಸ್ ಕೊಡು.”

* * *

ದೇಹವನ್ನು ಚಾವಡಿಯಲ್ಲಿ ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು. ಒಬ್ಬೊಬ್ಬರಾಗಿ ಬಂದು ತುಳಸಿಯಿಂದ ಬಾಯಿಗೆ ನೀರು ಬಿಡತೊಡಗಿದರು. ಶೀನಪ್ಪ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ಅನ್ಸಾಫನನ್ನು ಕಂಡು ನಿಂತರು.

“ನೀನು ಆ ಡ್ರಮ್ಮಿನವ ಅಲ್ವಾ?”

“ಹೌದು ಶೀನಪ್ಪಣ್ಣ.”

“ಎರಡು ವರ್ಷ ನನ್ನ ಕೊಟ್ಟಿಗೆಯಲ್ಲಿ ಬಡಿದು ಬಡಿದು ದನ ಹಾಲು ಕೊಡುವುದನ್ನೇ ಬಿಟ್ಟಿತ್ತು ಮಾರಾಯ.” ನಗಲು ನೋಡಿದರು, ಆಗಲಿಲ್ಲ. “ಬಂದದ್ದು ಒಳ್ಳೇದಾಯ್ತು. ಒಳಗೆ ಹೋಗು, ನೀರು ಬಿಡು.”

“ಮನೆಯವರದ್ದು ಆಗ್ಲಿ,” ಎಂದು ಅನ್ಸಾಫ್ ಹಿಂದೆ ಸರಿದ.

ಸುರಕ್ಷಾ ಬಾಗಿಲ ಬಳಿಯಿಂದ ಅವನನ್ನೇ ನೋಡುತ್ತಿದ್ದಳು. “ಅಮ್ಮಾ, ಕಲ್ಲಡ್ಕದ ಬೇಕರಿ ಅಂಕಲ್.”

ಕಾಂತಿ ತಲೆಯೆತ್ತಿದಳು. ಅತ್ತು ಅವಳ ದನಿ ಒಡೆದಿತ್ತು, ಆದರೆ ಮಾತು ಎಂದಿನಂತೆಯೇ ಇತ್ತು. “ನೀವಾ ಅದು? ನಿಮ್ಮ ಟೋಸ್ಟ್ ಮೊನ್ನೆ ಆದಿತ್ಯವಾರದ್ದು ಇನ್ನೂ ಡಬ್ಬಿಯಲ್ಲಿ ಉಂಟು. ಪುತ್ತೂರಿಗೆ ನನ್ನ ತವರಿಗೆ ಹೋಗುವಾಗೆಲ್ಲ ಇವರು ಕಲ್ಲಡ್ಕದಲ್ಲಿ ಇಳಿಸ್ತಿದ್ರು. ದಾರಿಯಲ್ಲಿ ಹತ್ತು ಬೇಕರಿ ಉಂಟು. ಆದ್ರೂ ಅಲ್ಲಿಯದ್ದೇ ಆಗ್ಬೇಕು.”

“ಅವನು ಬಂದದ್ದು ನಾನು ಒಮ್ಮೆಯೂ ನೋಡ್ಲಿಲ್ಲ.”

“ಅಪ್ಪ ಒಳಗೆ ಬರ್ತಿರ್ಲಿಲ್ಲ,” ಸುರಕ್ಷಾ ಹೇಳಿದಳು. “ರಸ್ತೆಯ ಆಚೆ ನಿಲ್ತಿದ್ರು. ನನ್ನನ್ನು ಕಳಿಸ್ತಿದ್ರು. ವಾಪಸ್ ಬಂದ ಮೇಲೆ ಕೇಳ್ತಿದ್ರು, ಗಲ್ಲಾದಲ್ಲಿ ಯಾರಿದ್ರು, ಎಂತ ಹೇಳಿದ್ರು ಅಂತ.”

ಎರಡು ಜಡೆ ಹಾಕಿಕೊಂಡು ಬರುತ್ತಿದ್ದ ಹುಡುಗಿ ಅನ್ಸಾಫನಿಗೆ ನೆನಪಾದಳು. ಸಣ್ಣವಳೆಂದು ಒಂದು ಬನ್ನು ಹೆಚ್ಚು ಹಾಕಿಕೊಟ್ಟಿದ್ದ. ಬೇರೆ ಏನೂ ಹೇಳಿರಲಿಲ್ಲ. ಅವನು ಮುಷ್ಟಿ ಬಿಚ್ಚಿ ಪಿನ್ನನ್ನು ತೋರಿಸಿದ.

“ಅಯ್ಯೋ, ಇದನ್ನು ಯಾಕೆ ಹೆಕ್ಕಿದ್ರಿ?” ಎಂದಳು ಕಾಂತಿ. “ಮದುವೆ ಮನೆಗೆ ಹೊರಟಾಗ ಸೆರಗಿಗೆ ಬೇಕು ಅಂದ್ರೆ ಸೊಂಟದಿಂದ ತೆಗೆದು ಕೊಡ್ತಿದ್ರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲು ಕೇಳುವುದು, ಪಿನ್ನು ಎಲ್ಲಿ? ಒಮ್ಮೆ ನನ್ನ ಕೈಯಲ್ಲಿ ಅದರ ತಲೆ ಕಳಚಿತು. ಬಿಸಾಡಿ, ಒಂದು ಶೀಟು ಹೊಸ ಪಿನ್ನೇ ತಕೊಳ್ಳುವ ಅಂದೆ. ಕೇಳ್ಲಿಲ್ಲ. ಒಂದು ಆದಿತ್ಯವಾರ ಇಡೀ ಕೂತು ಬೆಸುಗೆ ಹಾಕಿದ್ರು. ಯಾಕೆ ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ.”

“ಇದು ನನ್ನ ಉಮ್ಮನದ್ದು,” ಎಂದ ಅನ್ಸಾಫ್.

ಕಾಂತಿ ಅವನ ಮುಖವನ್ನೂ ಪಿನ್ನನ್ನೂ ನೋಡಿದಳು. “ಹಾಗಾದ್ರೆ ನೀವು ತಕೊಂಡು ಹೋಗಿ. ಇಲ್ಲಿಗೆ ಇನ್ನು ಅದು ಬೇಡ.”

* * *

ತೊಂಬತ್ತೆಂಟರ ಜೂನಿನಲ್ಲಿ ಬಂಟ್ವಾಳದ ಬಸ್ ಸ್ಟ್ಯಾಂಡಿನಲ್ಲಿ ಅನ್ಸಾಫ್ ಶೋಧನನನ್ನು ಕಂಡಾಗ ಮೊದಲು ಗುರುತು ಸಿಗಲಿಲ್ಲ. ಎಣ್ಣೆ ಹಾಕಿ ಪಕ್ಕಕ್ಕೆ ಬಾಚಿದ ಕೂದಲು, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಕಿವಿಯಲ್ಲಿ ತೂತು ಮಾತ್ರ ಇತ್ತು.

“ಎಂತ ವೇಷ ಇದು?”

“ಅಟೆಂಡರ್ ಕೆಲಸದ್ದು ಇಂಟರ್‌ವ್ಯೂ. ಅಪ್ಪನಿಗೆ ಎದ್ದು ಕೂರ್ಲಿಕ್ಕೆ ಆಗುವುದಿಲ್ಲ ಅನ್ಸಾಫ್. ಎಷ್ಟು ದಿನ ಅಂತ ಹೀಗೆ ತಿರುಗುವುದು?”

“ಕಂಡವರ ಗ್ಲಾಸ್ ತೊಳೀಲಿಕ್ಕೆ ತಲೆಗೆ ಎಣ್ಣೆ ಹಾಕಿದ್ದಾ? ನೀನು ಪಂಕ್ ಅಲ್ಲ, ಪಂಕಿನ ಛದ್ಮವೇಷ.”

“ಆಯ್ತು. ಹಾಗೇ ಇಟ್ಟುಕೋ.”

“ಉಮ್ಮನ ಪಿನ್ನು ವಾಪಸ್ ಕೊಡು.”

ಶೋಧನ್ ಫೈಲನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿದ. “ಕಳೆದುಹೋಯ್ತು.”

ಅನ್ಸಾಫ್ ಬಸ್ ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ನಕ್ಕು ಹೊರಟುಹೋದ. ಅದಾದ ಮೇಲೆ ಅವನ ಕೂದಲೂ ಹದಿನಾಲ್ಕು ತಿಂಗಳಷ್ಟೇ ಉಳಿಯಿತು. ಮಾವನ ಬೇಕರಿಯಲ್ಲಿ ಒಲೆಯ ಎದುರು ನಿಲ್ಲುವವನು ಟೋಪಿ ಹಾಕಬೇಕಿತ್ತು. ಅದನ್ನು ಶೋಧನನಿಗೆ ಹೇಳಲು ಹೋಗಲಿಲ್ಲ. ಅವ್ವಮ್ಮ ತೀರಿಕೊಂಡಾಗ ಹೇಳಿ ಕಳಿಸಬೇಕೆಂದುಕೊಂಡ. ಕಳಿಸಲಿಲ್ಲ.

* * *

ಊರಿನ ಸ್ಮಶಾನಕ್ಕೆ ಅರ್ಧ ಕಿಲೋಮೀಟರು. ಹೆಂಗಸರು ಮನೆಯಲ್ಲೇ ಉಳಿದರು. ಮಗಳೊಬ್ಬಳೇ ಇದ್ದುದರಿಂದ ಕೊಡ ಅವಳೇ ಹೊರಲಿ ಎಂದು ಶೀನಪ್ಪ ಬೆಳಿಗ್ಗೆಯೇ ಹೇಳಿದ್ದರು, ಯಾರೂ ಎದುರು ಮಾತಾಡಿರಲಿಲ್ಲ. ಮಾವಿನ ಸೌದೆಯ ಮೇಲೆ ದೇಹವನ್ನಿಟ್ಟ ಮೇಲೆ ಸುರಕ್ಷಾ ಮಣ್ಣಿನ ಕೊಡವನ್ನು ಎಡ ಹೆಗಲಿಗೇರಿಸಿದಳು. ಬಲಗೈಗೆ ಕೊಳ್ಳಿ ಕೊಟ್ಟರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಚೂಡಿದಾರದ ಶಾಲು ಜಾರಿ ಕೊಳ್ಳಿಯ ಸಮೀಪಕ್ಕೆ ಬಂತು. ಅವಳು ಥಟ್ಟನೆ ನಿಂತಳು.

“ದೊಡ್ಡಪ್ಪಾ, ಪಿನ್ನು ಬೇಕು.”

“ಹಾಗೇ ಗಂಟು ಹಾಕು ಮಗಾ.”

“ಗಂಟು ನಿಲ್ಲುವುದಿಲ್ಲ. ಲ್ಯಾಬಲ್ಲಿ ಶಾಲಿಗೆ ಪಿನ್ನು ಹಾಕದವರನ್ನು ಅಪ್ಪ ಬರ್ನರಿನ ಹತ್ತಿರ ಬಿಡ್ತಿರ್ಲಿಲ್ಲ.”

ನಲವತ್ತು ಮಂದಿ ಗಂಡಸರು ಜೇಬು ತಡಕಿಕೊಂಡರು. ಬೀಗದ ಕೈ, ಬೀಡಿ, ಮೊಬೈಲು. ಮನೆಯಲ್ಲಿ ಹೆಂಗಸರ ಬಳೆಗಳಲ್ಲಿ ನೇತಾಡುವ ಪಿನ್ನುಗಳಲ್ಲಿ ಒಂದಾದರೂ ಅಲ್ಲಿರಲಿಲ್ಲ. ಎಲ್ಲರ ಹಿಂದೆ ಗೇಟಿನ ಬಳಿ ನಿಂತಿದ್ದ ಅನ್ಸಾಫ್ ಮುಂದೆ ಬಂದ. ಜನ ದಾರಿ ಬಿಟ್ಟರು. ಅವನ ಅಂಗೈಯಲ್ಲಿ ಪಿನ್ನಿತ್ತು.

“ಅದು ಆಗ ಬಿಸಾಡಿದ...” ಎಂದು ತುಕ್ರಪ್ಪ ಬಾಯಿ ತೆರೆದ.

“ಪಿನ್ನು ಪಿನ್ನೇ ಮಾರಾಯ,” ಎಂದು ಶೀನಪ್ಪ ಸೌದೆಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ಒಂದು ತುಂಡನ್ನು ಮತ್ತೆ ಸರಿಮಾಡಿದರು.

ಅನ್ಸಾಫ್ ಕೊಡವನ್ನೂ ಕೊಳ್ಳಿಯನ್ನೂ ಹಿಡಿದುಕೊಂಡು ನಿಂತ. ಸುರಕ್ಷಾ ಶಾಲನ್ನು ಹೆಗಲ ಮೇಲೆ ಎರಡು ಮಡಿಕೆ ಮಾಡಿ ಪಿನ್ನು ಚುಚ್ಚಿದಳು, ಎಳೆದು ನೋಡಿದಳು, ಕೊಡ ಮರಳಿ ಪಡೆದಳು. ಚಿತೆಗೆ ಮೂರು ಸುತ್ತು, ಕೊಡಕ್ಕೆ ಮೂರು ತೂತು. ನೀರು ನೆಲದಲ್ಲಿ ಗೆರೆ ಎಳೆಯಿತು. ಕೊಡ ಒಡೆಯಿತು. ಫೆಬ್ರವರಿಯ ಒಣ ಗಾಳಿಗೆ ಬೆಂಕಿ ಬೇಗ ಹತ್ತಿತು. ಅನ್ಸಾಫ್ ಇತರರ ಸಾಲಿನಲ್ಲಿ ನಿಂತು ಒಂದು ಸೌದೆ ಹಾಕಿದ.

ಹಿಂತಿರುಗುವಾಗ ಸುರಕ್ಷಾ ಗೇಟಿನ ಬಳಿ ಅವನಿಗಾಗಿ ಕಾದಳು. ಪಿನ್ನನ್ನು ತೆಗೆದು, ಮೊನೆಯನ್ನು ಒಳಗೆ ಸೇರಿಸಿ ಮುಚ್ಚಿ, ಅಂಗೈ ಮೇಲಿಟ್ಟು ಚಾಚಿದಳು.

“ನಿಮ್ಮದು, ಅಂಕಲ್.”

ಅನ್ಸಾಫ್ ಅದನ್ನು ತೆಗೆದುಕೊಂಡ. ಬೆಂಕಿಯ ಪಕ್ಕ ನಿಂತದ್ದಕ್ಕೆ ಹಿತ್ತಾಳೆ ಇನ್ನೂ ಬಿಸಿಯಿತ್ತು. ಅವನು ತಲೆಯ ಭಾಗವನ್ನು ಉಗುರಿನಿಂದ ಒಮ್ಮೆ ಬಲವಾಗಿ ಮೀಟಿ ನೋಡಿದ. ಬೆಸುಗೆ ಅಲುಗಲಿಲ್ಲ. ಪಿನ್ನನ್ನು ಮತ್ತೆ ಅವಳ ಅಂಗೈಗೆ ಹಾಕಿ ಬೆರಳುಗಳನ್ನು ಮಡಚಿದ.

ರಸ್ತೆಯಲ್ಲಿ ಎಕ್ಸ್‌ಪ್ರೆಸ್ ಬಸ್ಸೊಂದು ನಿಲ್ಲದೆ ಹೋಯಿತು. ಅದರ ಗಾಳಿಗೆ ಶಾಲು ಹಾರಿತು. ಸುರಕ್ಷಾ ನಡೆಯುತ್ತಲೇ ಅದನ್ನು ಹೆಗಲಿಗೆ ಎಳೆದುಕೊಂಡು ಪಿನ್ನು ಚುಚ್ಚಿಕೊಂಡಳು.