ಎದುರಿಗೆ ಕೂತು ಕಲಿತ ಮಡಿಕೆ

ಎಡದ ಅಂಚು ಮೇಲೆ ಬರಬೇಕು, ಸರಿ. ಆದರೆ ಯಾರ ಎಡ? ಉಟ್ಟವನ ಎಡವೋ, ಎದುರಿಗೆ ನಿಂತು ನೋಡುವವನ ಎಡವೋ? ಕನ್ನಡಿಯ ಮುಂದೆ ನಿಂತಿದ್ದ ತಮೋತ್ಸುವಿಗೆ ಈ ಪ್ರಶ್ನೆ ಬಂದದ್ದು ತಲೆ ಪೂರ್ತಿ ನರೆತ ಮೇಲೆ, ಅದೂ ಮದುವೆಗೆ ಹೊರಡುವ ಬೆಳಿಗ್ಗೆ. ಕಿಮೋನೊ ಉಡುವಾಗಲೆಲ್ಲ ಇಲ್ಲಿಯವರೆಗೆ ಕೈ ತನ್ನ ಪಾಡಿಗೆ ತಾನು ನಡೆದಿತ್ತು. ಕೈಗೆ ಗೊತ್ತಿದ್ದದ್ದನ್ನು ತಲೆ ವಿಚಾರಿಸಿರಲಿಲ್ಲ.

ಒಳಗಿನಿಂದ ಬಂದ ಹೆಂಡತಿ ಮಿಸಾವೊ ಅವನನ್ನು ಒಂದು ಗಳಿಗೆ ನೋಡಿದಳು. ಅವಳ ಬಲಗೈ ಇನ್ನೂ ಪಟ್ಟಿಯಲ್ಲಿತ್ತು.

"ಇದೇನ್ರೀ, ಬಲಗಡೇದು ಮೇಲೆ ಹಾಕ್ಕೊಂಡಿದ್ದೀರಲ್ಲ. ಹೆಣಕ್ಕೆ ಉಡಿಸೋದು ಹಾಗೆ. ಮದುವೆಗೆ ಹೊರಟಿದ್ದೀರೋ, ಮಸಣಕ್ಕೋ?"

ಎಡಗೈ ಒಂದರಲ್ಲೇ ಅವನ ಅಂಚುಗಳನ್ನು ಬಿಡಿಸಿ, ಬಲದ್ದನ್ನು ಒಳಗೆ ತಳ್ಳಿ, ಎಡದ್ದನ್ನು ಮೇಲೆ ತಂದು ಎದೆಯ ಮೇಲೆ ಒಮ್ಮೆ ತಟ್ಟಿದಳು. ಬದುಕಿದವರ ಉಡುಪು ಅದು. ತಟ್ಟಿದ್ದೇ ತಡ, ತಮೋತ್ಸು ಕನ್ನಡಿ ಬಿಟ್ಟು ತನ್ನ ಕೈಗಳನ್ನು ನೋಡಿಕೊಂಡ. ತಿಂಗಳಿಡೀ ಬೊಂಬೆಗಳ ಕಾಗದದ ಉಡುಪಿನ ಮೇಲೆ ಪಳಗಿದ ಕೈ ಇವತ್ತು ಬಟ್ಟೆಯ ಮೇಲೂ ಹಾಗೇ ಓಡಿತ್ತು. ಹಾಗಾದರೆ ಕಾಗದದ ಮೇಲೆ ಅದು ಓಡಿದ್ದು ಯಾವ ಕಡೆಗೆ?

ಕೋಟೆಯ ಕಂದಕದ ದಂಡೆಯಲ್ಲಿರುವ ಅವರ ಮನೆಯಲ್ಲಿ ಮಿಸಾವೊ ಕಾಗದದ ಅಕ್ಕ-ಬೊಂಬೆಗಳನ್ನು ಮಾಡುತ್ತ ಬಂದದ್ದು ಮದುವೆಯಾಗಿ ಬಂದ ವರ್ಷದಿಂದ. ಅಕ್ಕ-ಬೊಂಬೆಗೆ ಕಣ್ಣು, ಮೂಗು, ಬಾಯಿ ಬರೆಯುವುದಿಲ್ಲ. ಬೊಂಬೆಯ ಬೆನ್ನು ನೋಡುವವರ ಕಡೆಗಿರುತ್ತದೆ: ಕಪ್ಪು ಕಾಗದದ ತುರುಬು, ಬಿಳೀ ಕತ್ತು, ನಡುಪಟ್ಟಿಯ ಗಂಟು. ಮುಂಭಾಗದಲ್ಲಿ ನೋಡುವುದಕ್ಕೆ ಇರುವುದು ಕೊರಳಂಚಿನ ಮಡಿಕೆ ಒಂದೇ. ಊರಿನ ಸಭಾಭವನದಲ್ಲಿ ವಾರಕ್ಕೊಮ್ಮೆ ಅವಳು ಇದನ್ನು ಕಲಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಹಳೆಯ ಸಾಹಿತ್ಯ ಕಲಿಸಿ ನಿವೃತ್ತನಾದ ತಮೋತ್ಸುವನ್ನು ಊರು ಈಚೆಗೆ ಗುರುತಿಸುತ್ತಿದ್ದದ್ದು ಬೊಂಬೆಯಮ್ಮನ ಯಜಮಾನರು ಎಂದು. ಅದು ಅವನಿಗೆ ಗೊತ್ತಿತ್ತು. ತನಗೆ ಬೇಸರವಿಲ್ಲ ಎಂದು ಆಗಾಗ ತನಗೇ ಹೇಳಿಕೊಳ್ಳುತ್ತಿದ್ದ.

ಮಿಠಾಯಿ ಅಂಗಡಿಯ ಕಿನುಯೊ ತನ್ನ ಮಗಳ ಮದುವೆಗೆ, ಪ್ರತಿಯೊಬ್ಬ ಅತಿಥಿಯ ತಟ್ಟೆಯ ಪಕ್ಕಕ್ಕೂ ಒಂದೊಂದು ಅಕ್ಕ-ಬೊಂಬೆ ಬೇಕೆಂದಿದ್ದಳು. ಸಭಾಭವನದ ಸಮಿತಿಯ ಮುಖ್ಯಸ್ಥೆಯೂ ಅವಳೇ ಆದ್ದರಿಂದ ಅದು ವ್ಯಾಪಾರವೂ ಹೌದು, ಮರ್ಯಾದೆಯೂ ಹೌದು. ಮಿಸಾವೊ ಚಳಿಗಾಲದಲ್ಲೇ ತುರುಬುಗಳನ್ನೆಲ್ಲ ಮಾಡಿಟ್ಟಳು. ಆಮೇಲೆ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು.

ಒಪ್ಪಿಕೊಂಡದ್ದನ್ನು ವಾಪಸು ಮಾಡುತ್ತೇನೆಂದು ಅವಳು ಹೊರಟಾಗ ತಡೆದವನು ತಮೋತ್ಸು. ತಾನೇ ಉಡಿಸುತ್ತೇನೆ ಎಂದ. ಆದರೆ ಹೊರಗೆ ಯಾರಿಗೂ ಗೊತ್ತಾಗಬಾರದು; ಮೇಷ್ಟ್ರು ಮನೆಯಲ್ಲಿ ಕೂತು ಬೊಂಬೆಗೆ ಕಾಗದದ ಕಿಮೋನೊ ಉಡಿಸುತ್ತಾರೆ ಎಂದು ಹಳೆಯ ವಿದ್ಯಾರ್ಥಿಗಳು ನಗುವುದು ಬೇಡ. ಮಿಸಾವೊ ನಕ್ಕು ಒಪ್ಪಿದಳು. ಮೇಜಿನ ಆಚೆ ಕೂತು, ಪಟ್ಟಿಯಿಂದ ಹೊರಗೆ ಇಣುಕುತ್ತಿದ್ದ ಬೆರಳ ತುದಿಗಳಲ್ಲಿ ಒಂದು ಬೊಂಬೆಯ ಬೆನ್ನನ್ನು ತನ್ನ ಕಡೆಗೆ ಹಿಡಿದು ಉಡಿಸಿ ತೋರಿಸಿದಳು. ಈಚೆ ಕೂತ ತಮೋತ್ಸು ಕಣ್ಣು ಮಿಟುಕಿಸದೆ ನೋಡಿ, ತನ್ನ ಬೊಂಬೆಯ ಬೆನ್ನನ್ನೂ ತನ್ನ ಕಡೆಗೇ ಹಿಡಿದು, ನೋಡಿದ್ದನ್ನು ನೋಡಿದ ಹಾಗೇ ಮಾಡಿದ. ಅವಳು ಅಂಚನ್ನು ಯಾವ ಕಡೆಯಿಂದ ಮೇಲೆ ತಂದಂತೆ ಅವನಿಗೆ ಕಂಡಿತೋ, ಆ ಕಡೆಯಿಂದಲೇ ಇವನೂ ತಂದ. ಎದುರಿಗೆ ಕೂತವರ ಬಲ ನಮ್ಮ ಎಡವಾಗುತ್ತದೆ ಎಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತು.

ತಿದ್ದಲು ಬಂದ ಅವಳಿಗೆ, ಮಕ್ಕಳ ಲೆಕ್ಕದ ಪುಸ್ತಕ ನೋಡುವ ಹಾಗೆ ನೋಡಬೇಡ ಎಂದಿದ್ದ. ಮುಗಿದ ಬೊಂಬೆಗಳನ್ನು ಸಂಪ್ರದಾಯದಂತೆ ಬೆನ್ನು ಮೇಲೆ ಮಾಡಿ ಸಾಲಾಗಿ ಇಟ್ಟು ತೋರಿಸಿದ. ಗಂಟು ಚೆನ್ನಾಗಿ ಬಂದಿದೆ ಎಂದು ಅವಳು ಮೆಚ್ಚಿದಳು. ಆ ಮೆಚ್ಚುಗೆಯಿಂದ ಅವನು ಎರಡು ದಿನ ಮನಸ್ಸಿನಲ್ಲೇ ಹಾಡಿಕೊಂಡಿದ್ದ.

ಈಗ ಕಂದಕದ ಪಕ್ಕದ ದಾರಿಯಲ್ಲಿ, ಪೈನ್ ಮರಗಳ ಕೆಳಗೆ, ಮಿಸಾವೊ ಮುಂದೆ ಮುಂದೆ ನಡೆಯುತ್ತಿದ್ದಳು. ಮದುವೆ ಮುಗಿದ ಮೇಲೆ ವಸಂತದ ತರಗತಿ ಶುರು, ಅಷ್ಟರಲ್ಲಿ ಪಟ್ಟಿ ಬಿಚ್ಚುತ್ತಾರೆ, ಈ ಸಲ ಹೊಸಬರು ತುಂಬ ಬರುತ್ತಾರಂತೆ ಎಂದು ಹೇಳುತ್ತಿದ್ದಳು. ಅವಳ ದನಿಯಲ್ಲಿ ಬಹಳ ದಿನದ ಮೇಲೆ ಒಂದು ಹುರುಪಿತ್ತು. ತಮೋತ್ಸು ಮಾತಿನ ಮೊದಲ ಪದವನ್ನು ನಾಲಿಗೆಯ ತುದಿಗೆ ತಂದ. ದೋಣಿಯೊಂದು ಸೇತುವೆಯಡಿ ನುಸುಳಿ ಹೋಗುವವರೆಗೆ ಕಾಯೋಣ ಎನಿಸಿತು. ದೋಣಿ ಹೋಯಿತು. ಪದವೂ ಹೋಯಿತು.

ಕಿನುಯೊ ಬಾಗಿಲಲ್ಲೇ ನಿಂತು ಬಾಗಿ ಬಾಗಿ ಬರಮಾಡಿಕೊಂಡಳು. ಒಳಗೆ ಇನ್ನೂ ಯಾರೂ ಕೂತಿರಲಿಲ್ಲ. ಬಿಳೀ ಬಟ್ಟೆ ಹಾಸಿದ ಮೇಜುಗಳ ಮೇಲೆ ತಟ್ಟೆಗೊಂದರಂತೆ ಬೊಂಬೆಗಳು ಬೆನ್ನು ತೋರಿಸಿ ಮಲಗಿದ್ದವು. ಈಗ ಹೇಳಿದರೆ ಎಲ್ಲವನ್ನೂ ಎತ್ತಿಬಿಡಬಹುದು. ಕಿನುಯೊಳ ಮಗಳ ಮದುವೆಯೂ ಉಳಿಯುತ್ತದೆ, ಹೆಂಡತಿಯ ಹೆಸರೂ ಉಳಿಯುತ್ತದೆ. ಹೋಗುವುದು ತನ್ನ ಮರ್ಯಾದೆ ಮಾತ್ರ.

"ಮೇಷ್ಟ್ರೇ, ನಿಮ್ಮ ಮನೆಯವರ ಕೈ ಅಂದ್ರೆ ಕೈ. ಒಂದು ಕೈ ಮುರಿದಿದ್ರೂ ಹೀಗೆ ಮಾಡ್ತಾರಲ್ಲ," ಎಂದಳು ಕಿನುಯೊ.

"ಏನೋ, ನಿಮ್ಮ ಅಭಿಮಾನ," ಎಂದ ತಮೋತ್ಸು.

ನಿವೃತ್ತಿಯ ದಿನ ಅವನು ಮಾಡಿದ ಭಾಷಣವನ್ನು ಊರಿನಲ್ಲಿ ಕೆಲವರು ಇನ್ನೂ ನೆನೆಯುತ್ತಾರೆ. ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿಗೆ ಹೇಳುವ ಧೈರ್ಯವೇ ವಿದ್ಯೆ ಎಂಬುದು ಅದರ ಸಾರ.

ಜನ ಬಂದು ಕೂತರು. ಎದುರಿನ ಮೇಜಿನಲ್ಲಿದ್ದ ಒಬ್ಬ ಮುದುಕಿ ತನ್ನ ಬೊಂಬೆಯನ್ನು ಎತ್ತಿ, ತುರುಬು ನೋಡಿ ತಲೆದೂಗಿ, ಮೆಲ್ಲಗೆ ತಿರುಗಿಸಿದಳು. ಅವಳ ಬೆರಳು ನಿಂತಿತು. ಮತ್ತೆ ಬೊಂಬೆಯನ್ನು ಹಿಂದಿನಂತೆಯೇ ಬೆನ್ನು ಮೇಲೆ ಮಾಡಿ ಇಟ್ಟು, ಪಕ್ಕದವಳ ಹತ್ತಿರ ಈ ವರ್ಷ ಚೆರ್ರಿ ಬೇಗ ಅರಳಿದೆ ಎಂದಳು. ಪಕ್ಕದವಳೂ ಎತ್ತಿದಳು, ತಿರುಗಿಸಿದಳು, ಇಟ್ಟಳು. ಹೌದು, ಬೇಗ ಎಂದಳು. ಹೀಗೆ ಚೆರ್ರಿಯ ಮಾತು ಮೇಜಿನಿಂದ ಮೇಜಿಗೆ ಹಬ್ಬಿತು. ಆ ಸಭೆಯಲ್ಲಿ ಅಷ್ಟೊಂದು ಜನಕ್ಕೆ ಹೂವಿನ ಬಗ್ಗೆ ಅಷ್ಟೊಂದು ಕಾಳಜಿ ಇರಬಹುದೆಂದು ಯಾರೂ ಊಹಿಸಿರಲಾರರು.

ತಮೋತ್ಸುವಿನ ಮೇಜಿನಲ್ಲಿ ಮದುಮಗನ ಸೋದರಮಾವನಿದ್ದ. ಕಂದಕದಲ್ಲಿ ದೋಣಿ ನಡೆಸುವ ಆಳು, ಎರಡು ಬಟ್ಟಲು ಅಕ್ಕಿಮದ್ಯ ಆಗಲೇ ಹೊಟ್ಟೆಗಿಳಿದಿತ್ತು. ಬೊಂಬೆಯನ್ನು ಬೆಳಕಿಗೆ ಹಿಡಿದ.

"ಇದೇನಿದು, ಈ ಹುಡುಗಿ ಹೀಗೆ..."

"ಹುಡುಗೀನ ಬಿಡಿ, ನಿಮ್ಮ ಬಟ್ಟಲು ಖಾಲಿ ಇದೆ," ಎಂದು ಅವನ ಹೆಂಡತಿ ಬಟ್ಟಲು ತುಂಬಿಸಿ, ಅದೇ ಕೈಯಲ್ಲಿ ಬೊಂಬೆಯನ್ನು ಕಿತ್ತುಕೊಂಡು ಕೈಚೀಲಕ್ಕೆ ಸೇರಿಸಿದಳು. ಆಮೇಲೆ ಮಿಸಾವೊಳ ಪಟ್ಟಿ ಕಟ್ಟಿದ ಕೈಯನ್ನು ಕನಿಕರದಿಂದ ನೋಡಿ ನಕ್ಕಳು. ಕನಿಕರ ಕೈಯಲ್ಲಿ ನಿಲ್ಲದೆ ತಲೆಯವರೆಗೂ ಏರಿದಂತೆ ತಮೋತ್ಸುವಿಗೆ ಕಂಡಿತು. ಪಾಪ, ಮರೆವು ಶುರುವಾಯಿತೇನೋ ಎನ್ನುವ ನಗು.

ಮಿಸಾವೊ ತನ್ನ ತಟ್ಟೆಯ ಪಕ್ಕದ ಬೊಂಬೆಯನ್ನು ಎಡಗೈಯಲ್ಲಿ ಎತ್ತಿಕೊಂಡಳು. ತಿರುಗಿಸಿದಳು. ಬಹಳ ಹೊತ್ತೇನೂ ನೋಡಲಿಲ್ಲ. ಇಟ್ಟಳು. ತಮೋತ್ಸು ತನ್ನ ಬಟ್ಟಲಿನೊಳಗೆ ನೋಡಿದ. ತಿಳಿ ಸಾರಿನಲ್ಲಿ, ಮದುವೆಗೆಂದೇ ಹಾಕುವ ಜೋಡಿ ಕಪ್ಪೆಚಿಪ್ಪೊಂದು ಬಾಯಿ ತೆರೆದುಕೊಂಡು ಬಿದ್ದಿತ್ತು.

"ಸಾರು ಆರ್ತಾ ಇದೆ, ಕುಡೀರಿ," ಎಂದಳು ಮಿಸಾವೊ.

ಅವನು ಕುಡಿದ.

ಮನೆಗೆ ಹೋಗುವಾಗಲೂ ಅವಳು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ತಮೋತ್ಸು ಅಂದುಕೊಂಡ. ಕೇಳದಿದ್ದದ್ದು ಅವಳ ತಪ್ಪು ಎನ್ನುವ ಮಟ್ಟಕ್ಕೂ ಅವನ ಯೋಚನೆ ಒಮ್ಮೆ ಹೋಗಿ ಬಂತು.

ಮುಂದಿನ ವಾರ ಕಿನುಯೊ ಬಂದಳು. ಅಂಗಡಿಯ ಅತ್ಯುತ್ತಮ ಕೆಂಪು ಕಾಳಿನ ಮಿಠಾಯಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಚಾಪೆಯ ಮೇಲೆ ಮುಂದಕ್ಕೆ ಸರಿಸಿದಳು. ಬೊಂಬೆಗಳನ್ನು ಎಲ್ಲರೂ ತಿರುಗಿಸಿ ತಿರುಗಿಸಿ ನೋಡಿದರು, ಇಷ್ಟು ಗಮನ ಕೊಟ್ಟು ನೋಡಿದ್ದನ್ನು ತಾನು ಯಾವ ಮದುವೆಯಲ್ಲೂ ಕಂಡಿಲ್ಲ ಎಂದಳು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಚಹಾ ಕುಡಿದಳು. ಬಟ್ಟಲನ್ನು ಹೊಗಳಿದಳು. ಆಮೇಲೆ, ಏಳುವ ಹೊತ್ತಿಗೆ, ಎಲ್ಲಕ್ಕಿಂತ ಹಗುರವಾದ ದನಿಯಲ್ಲಿ ಹೇಳಿದಳು.

"ನಿಮ್ಮ ಕೈಗೆ ನಾವು ತುಂಬ ದಿನ ತೊಂದ್ರೆ ಕೊಟ್ವಿ, ಅಕ್ಕ. ಇನ್ನು ಆರಾಮಾಗಿರಿ. ಸಭಾಭವನದ ತರಗತೀನ ಈ ವಸಂತದಿಂದ ನಿಮ್ಮ ಶಿಷ್ಯೇರಲ್ಲೇ ಯಾರಾದ್ರೂ ನೋಡ್ಕೋತಾರೆ."

ತಮೋತ್ಸುವಿನ ತಲೆಯಲ್ಲಿ ಒಂದು ವಾಕ್ಯ ಪೂರ್ತಿಯಾಗಿ ರೂಪುಗೊಂಡಿತ್ತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ತಂತಮ್ಮ ಜಾಗದಲ್ಲಿದ್ದವು. ತಿದ್ದಲು ಏನೂ ಇಲ್ಲದ ವಾಕ್ಯ. ಅವನು ಗಂಟಲು ಸರಿಮಾಡಿಕೊಂಡ. ಇಬ್ಬರು ಹೆಂಗಸರೂ ಅವನ ಕಡೆ ತಿರುಗಿದರು.

"ಇನ್ನೊಂದು ಸ್ವಲ್ಪ ಚಹಾ?" ಎಂದ.

ಕಿನುಯೊ ಬೇಡವೆಂದಳು. ಮಿಸಾವೊ ಅವನ ಮುಖವನ್ನೇ ನೋಡುತ್ತಿದ್ದಳು. ಯಾವುದೋ ತೀರ್ಮಾನಕ್ಕೆ ಬಂದವಳಂತೆ ಕಣ್ಣು ತೆಗೆದು ಅತಿಥಿಗೆ ತಲೆಬಾಗಿಸಿದಳು.

"ಸರಿಯಾಗಿ ಹೇಳಿದ್ರಿ. ಕಣ್ಣಿಗೂ ವಯಸ್ಸಾಯ್ತು," ಎಂದಳು.

ಬಾಗಿಲವರೆಗೆ ಹೋಗಿ ಕಿನುಯೊಳನ್ನು ಬೀಳ್ಕೊಟ್ಟು ಬಂದು, ಮೇಜಿನ ಮೇಲಿದ್ದ ಚಹಾ ಬಟ್ಟಲುಗಳನ್ನು ಬದಿಗೆ ಸರಿಸಿದಳು. ಕೋಟೆಯ ಬಾಗಿಲ ಅಂಗಡಿಗೆ ಕೊಡಬೇಕಾದ ಬೊಂಬೆಗಳು ಇನ್ನೂ ಬಾಕಿ ಇದ್ದವು. ಪ್ರವಾಸಿಗಳು ಕೊಳ್ಳುವಂಥವು, ಯಾವ ಅಂಚು ಮೇಲಿದ್ದರೂ ಫೋಟೊ ತೆಗೆದುಕೊಳ್ಳುವವರಿಗೆ. ಅವಳು ಅಂಟಿನ ಬಟ್ಟಲನ್ನೂ ಕೆಂಪು ಕಾಗದವನ್ನೂ ತಂದಿಟ್ಟಳು. ತಮೋತ್ಸು ಎಂದಿನಂತೆ ಮೇಜಿನ ಈಚೆ ಬದಿಗೆ ಕೂತ.

"ಅಲ್ಲಿ ಬೇಡ," ಎಂದಳು ಮಿಸಾವೊ. "ಈ ಕಡೆ ಬನ್ನಿ. ನನ್ನ ಪಕ್ಕ ಕೂತ್ಕೊಳ್ಳಿ."

ಅವನು ಎದ್ದು, ಮೇಜನ್ನು ಸುತ್ತಿ ಬಂದು, ಅವಳ ಪಕ್ಕದಲ್ಲಿ ಕೂತ. ಇಬ್ಬರ ಎಡವೂ ಈಗ ಒಂದೇ ಕಡೆಗಿತ್ತು. ಅವಳು ಬೊಂಬೆಯ ಬಲದ ಅಂಚನ್ನು ಒಳಗಿಟ್ಟು, ಎಡದ್ದನ್ನು ಮೇಲೆ ತಂದು, ನಿಧಾನವಾಗಿ ಒತ್ತಿದಳು. ಅವನೂ ಹಾಗೇ ಮಾಡಿದ. ಚೆನ್ನಾಗಿ ಬಂತು.

ಆ ವಸಂತದಲ್ಲಿ ಸಭಾಭವನದ ತರಗತಿ ಬೇರೆಯವರ ಕೈಯಲ್ಲಿ ನಡೆಯಿತು. ಮದುವೆಯ ಬೊಂಬೆಗಳಿಗೆ ಉಡಿಸಿದವನು ನಾನು ಎಂದು ತಮೋತ್ಸು ಕಿನುಯೊಗೆ ಹೇಳಲಿಲ್ಲ, ಊರಿಗೆ ಹೇಳಲಿಲ್ಲ. ತಪ್ಪಾಯಿತು ಎಂದು ಮಿಸಾವೊಗೂ ಹೇಳಲಿಲ್ಲ.