ಚೊಗರಿಗೆ ನೊರೆ ಬರುವುದಿಲ್ಲ

ನೊರೆ ಬರುತ್ತಿದೆ, ಬರಬಾರದಿತ್ತು, ಅಡಿಕೆ ಬೇಯಿಸಿದ ಚೊಗರಿನ ಕಲೆಯಾಗಿದ್ದರೆ ಪೆರಾಕ್ಸೈಡ್ ಸುರಿದಾಗ ಸುಮ್ಮನೆ ನೆನೆಯುತ್ತದೆ, ನಿಧಾನಕ್ಕೆ ಮಾಸುತ್ತದೆ, ಹದಿನಾಲ್ಕು ವರ್ಷದಿಂದ ಕಲ್ಲಿನ ಕೆಲಸ ಮಾಡುವ ನನಗೆ ಅಷ್ಟೂ ಗೊತ್ತಿಲ್ಲವೇ, ಇದು ಬುಸುಬುಸು ಉಕ್ಕುತ್ತಿದೆ, ಸಿಂಕಿನ ಪಕ್ಕ, ಬಿಳಿ ಮಾರ್ಬಲ್ ಕಟ್ಟೆಯ ಮೇಲೆ, ಅಂಗೈಯಗಲ, ಚಿಕ್ಕಂದಿನಲ್ಲಿ ಮೊಣಕಾಲು ತರಚಿಕೊಂಡು ಹೋದರೆ ಕಾಂಪೌಂಡರ್ ಇದನ್ನೇ ಸುರಿಯುತ್ತಿದ್ದ, ಹೀಗೇ ಉಕ್ಕುತ್ತಿತ್ತು, ರಕ್ತಕ್ಕೆ ಹೀಗೆ ಉಕ್ಕುತ್ತದೆ. ಚೊಗರು ಚೆಲ್ತು ಅಣ್ಣಾ ಅಂದಿದ್ದಳು ಈ ನಲ್ಲೂರಿನ ಮನೆಯ ಸಂಧ್ಯಾರಾಣಿ, ಸೆರಗನ್ನು ಕಿವಿ ಮುಚ್ಚುವಷ್ಟು ಎಳೆದುಕೊಂಡು, ಗಂಡನ ಕಡೆ ನೋಡಿಕೊಂಡು, ಅವನು ಪ್ರವೀಣ್ ಕುಮಾರ್, ಬಾಗಿಲಿಗೆ ಒರಗಿ, ಬೇಗ ಕೋಟಿಂಗ್ ಹೊಡೀರಿ ಮೇಸ್ತ್ರಿ, ನಾಳೆ ಇವಳಪ್ಪ ಅವ್ವ ಬರಾಕೆ ಹೊಂಟಾರೆ, ಕಲೆ ಕಾಣಬಾರದು. ಕೋಟಿಂಗ್ ಎಂದರೆ ಸೀಲರ್, ಕಲ್ಲಿನ ಸಣ್ಣ ಸಣ್ಣ ತೂತುಗಳನ್ನೆಲ್ಲ ತುಂಬಿ ಮುಚ್ಚುತ್ತದೆ, ಆಮೇಲೆ ನೀರು ಬಿಟ್ಟರೆ ಕಲ್ಲು ಕುಡಿಯುವುದಿಲ್ಲ, ಆದರೆ ಮೊದಲು ಕಲೆ ಎಳೆದು ತೆಗೆಯಬೇಕು, ಇಲ್ಲದಿದ್ದರೆ ಒಳಗಿದ್ದದ್ದು ಒಳಗೇ ಉಳಿಯುತ್ತದೆ.

ನನ್ನ ತಂಗಿ ಉಚ್ಚಂಗೆಮ್ಮನದು ಕಡಪಾ, ಕರೀ ಕಲ್ಲು, ಅವಳು ನ್ಯಾಮತಿಯಲ್ಲಿ ಸಂಸಾರ ಹೂಡಿದಾಗ ನಾನೇ ಹಾಕಿಕೊಟ್ಟ ಅಡುಗೆ ಕಟ್ಟೆ, ಜಗಳೂರಿನಲ್ಲಿ ಇನ್ನೊಂದು ಕೆಲಸ ಕಾಯುತ್ತಿದೆಯೆಂದು ಅಂಚನ್ನು ಗುಂಡಗೆ ಉಜ್ಜದೆ ಎದ್ದು ಬಂದೆ, ಮುಂದಿನ ವಾರ ಬಂದು ಉಜ್ಜಿಕೊಡ್ತೀನಿ ಕಣವ್ವಾ, ಹೋಗಲೇ ಇಲ್ಲ, ಅವಳೇ ಬಂದಳು, ತುಟಿ ಒಡೆದುಕೊಂಡು, ವಾಪಸ್ ಹೋಗಲ್ಲ ಅಣ್ಣಾ, ಕೂದಲು ಹಿಡಿದು ಗ್ವಾಡೆಗೆ ಬಡೀತಾನೆ ನನ್ ಗಂಡ, ಅಂದಳು, ಆಗ ನಾನೇನು ಮಾಡಿದೆ, ಹೊನ್ನಾಳಿ ಸ್ಟ್ಯಾಂಡಿನಲ್ಲಿ ಟೀ ಕುಡಿಸಿ, ಹೊಂದ್ಕೊಂಡು ಹೋಗ್ಬೇಕವ್ವಾ, ಹೆಂಗೋ ಸರಿಹೋಗ್ತೈತೆ ಅಂದು, ಬಸ್ಸಿನ ಕಿಟಕಿ ಪಕ್ಕ ಕೂರಿಸಿ ಕೈ ಬೀಸಿದೆ, ಅವಳು ಬೀಸಲಿಲ್ಲ. ಒಂಬತ್ತು ದಿನ. ಕಾಲು ಜಾರಿ ಕಟ್ಟೆ ಅಂಚಿಗೆ ಬಿದ್ಲು, ಜೀವ ಹೋತು ಅಂದರು ಗಂಡನ ಮನೆಯವರು, ಹೋಗಿ ನೋಡಿದೆ, ತೊಳೆದು ಒರೆಸಿದ್ದರು, ಕರೀ ಕಲ್ಲು ಏನನ್ನೂ ತೋರಿಸುವುದಿಲ್ಲ, ನಾನು ಉಜ್ಜದ ಅಂಚಿನ ಮೇಲೆ ಬೆರಳಾಡಿಸಿದರೆ ಚರ್ಮ ಸೀಳಿತು, ಹೂಂ ಜಾರಿರಬೇಕು ಅಂದೆ, ಅಂದವನು ನಾನೇ, ಬ್ಯಾಗಿನಲ್ಲಿ ಈ ಪೆರಾಕ್ಸೈಡ್ ಬಾಟಲಿ ಇತ್ತು, ಸುರಿಯಲಿಲ್ಲ, ಸುರಿದಿದ್ದರೆ ನೊರೆ ಬರುತ್ತಿತ್ತು.

ಒರೆಸ್ರಿ ಮೇಸ್ತ್ರಿ, ಏನ್ ನೋಡ್ತಾ ನಿಂತೀರಿ, ಬಾಗಿಲಿನಿಂದ ಪ್ರವೀಣ್ ಕುಮಾರ್. ಬಟ್ಟೆ ಕೈಯಲ್ಲಿದೆ, ಒರೆಸಿದರೆ ಮುಗಿಯಿತು, ಇನ್ನಷ್ಟು ಸುರಿಯುತ್ತೇನೆ, ನೊರೆ ಅಂಚಿನವರೆಗೆ ಹೋಗುತ್ತದೆ, ಅಂಚಿನ ಕೆಳಗೂ ಏಳುತ್ತದೆ, ಎಷ್ಟು ಸಲ ಬಡಿದಿದ್ದಾನೆ ಇವನು, ಇವನ ಕೈಯನ್ನು ಇದೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದೊಂದೇ ಗಿಣ್ಣು ಜಜ್ಜಬೇಕು, ಕಟರ್ ಹಚ್ಚಬೇಕು, ನ್ಯಾಮತಿಯ ಆ ತಂಗಿಯ ಗಂಡನ ಕುತ್ತಿಗೆಗೂ ಹಚ್ಚಬೇಕಿತ್ತು, ಚೊಗರಿಗೆ ನೊರೆ ಬರಲ್ಲ ಸ್ವಾಮಿ, ಇದು ರಕ್ತ, ಅಂದುಬಿಟ್ಟೆ, ಅವಳ ಸೆರಗು ಜಾರುತ್ತದೆ, ಕಿವಿಯ ಮೇಲೆ ಬಾಯಿಬಿಟ್ಟ ಗಾಯ, ನಡಿ ತಂಗೀ, ರೋಡಿಗೆ ಹೋಗು, ಬಸ್ ಬರೋ ಹೊತ್ತು, ನಿಮ್ಮಪ್ಪನ ಮನೆಗೆ ಹೋಗು, ವಾಪಸ್ ಬರಬ್ಯಾಡ — ನಮ್ಮನೆ ವಿಷ್ಯ ನಿನಗ್ಯಾಕಲೇ, ಅವನ ಮುಷ್ಟಿ ನನ್ನ ಕೂದಲಲ್ಲಿ, ಕಲ್ಲು ಮುಖಕ್ಕೆ ಬರುತ್ತದೆ, ಹುಬ್ಬು, ಮತ್ತೆ ಕಲ್ಲು, ಹಲ್ಲು, ಈ ಅಂಚು ಗುಂಡಗಿದೆ, ಯಾರೋ ಪುಣ್ಯಾತ್ಮ ನೀಟಾಗಿ ಉಜ್ಜಿದ್ದಾನೆ, ಸಾಯುವುದಿಲ್ಲ ನಾನು, ಬಳೆ ಸದ್ದು, ಬರಿಗಾಲು ಓಡುವ ಸದ್ದು, ಗೇಟು, ಅವನು ಆ ಕಡೆ ತಿರುಗುತ್ತಾನೆ, ಅಂಗಿ ಹಿಡಿದು ಜೋತುಬೀಳುತ್ತೇನೆ, ಬಿಡುವುದಿಲ್ಲ, ಬಡಿಯೋ, ನನ್ನನ್ನೇ ಬಡಿ, ಹೊರಗೆ ಬಸ್ಸಿನ ಹಾರನ್, ನಿಂತಿತು, ಹೊರಟಿತು, ನನ್ನ ಕೆನ್ನೆ ಕಲ್ಲಿನ ಮೇಲೆ ಒತ್ತಿದೆ, ಕಣ್ಣಿನ ಎದುರಿಗೇ ನನ್ನ ಹುಬ್ಬಿನದು ಒಂದು ಹನಿ, ಇನ್ನೊಂದು, ಆ ಒದ್ದೆಯಲ್ಲಿ, ಅವಳದರ ಪಕ್ಕದಲ್ಲೇ ಬುಸುಬುಸು, ಬಟ್ಟೆ ಇನ್ನೂ ಮುಷ್ಟಿಯಲ್ಲೇ ಇದೆ, ಒರೆಸುವುದಿಲ್ಲ ಉಚ್ಚಂಗೀ, ಒರೆಸುವುದಿಲ್ಲ, ನೊರೆ, ಬಿಳೀ ನೊರೆ