ಜೋಪಾನ ಮಾಡಿದ ದನಿ

ಕಂಪ್ಯೂಟರು ಕೆಮ್ಮತೊಡಗಿತ್ತು. ಹೊಲಿಗೆ ಮಷಿನ್ನಿನ ಸದ್ದಿನಲ್ಲಿ ಅವಳಿಗೆ ಮೊದಲು ಕೇಳಿಸಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಕಾಲು ನಿಲ್ಲಿಸಿದಾಗ ಕೇಳಿತು: ಟಕ್, ಟಕ್, ಆಮೇಲೆ ಉಸಿರು ಕಟ್ಟಿದಂಥ ಮೌನ. ಅದರಲ್ಲಿದ್ದ ಗಿರಾಕಿಗಳ ಅಳತೆಗಳು ಹೋದರೆ ಹೋಗಲಿ, ಮತ್ತೆ ಟೇಪು ಹಿಡಿದರಾಯಿತು. ಆದರೆ ಅದರೊಳಗೆ ತಂಗಿಯ ದನಿ ಇತ್ತು.

ತಂಗಿ ತೀರಿಕೊಂಡಾಗ ಅವಳ ಮಗಳು ಇನ್ನೂ ತೊದಲುತ್ತಿದ್ದಳು. ಅಂದಿನಿಂದ ದೊಡ್ಡಮ್ಮನ ಮಡಿಲಲ್ಲೇ ಬೆಳೆದು ಈಗ ಅವಳ ಭುಜ ಮುಟ್ಟುವಷ್ಟಾಗಿದ್ದಳು. ತಂಗಿಯ ಫೋಟೋಗಳು ಬೇಕಾದಷ್ಟಿದ್ದವು. ದನಿ ಮಾತ್ರ ಒಂದರಲ್ಲೇ ಇತ್ತು, ಇದೇ ಕೋಣೆಯಲ್ಲಿ ಕೂತು ಮಗುವಿನ ತೊದಲು ಹಿಡಿದಿಡಲೆಂದು ತಂಗಿ ಫೋನಿನಲ್ಲಿ ಮಾಡಿ ಕಂಪ್ಯೂಟರಿಗೆ ಹಾಕಿದ್ದ ರೆಕಾರ್ಡಿಂಗಿನಲ್ಲಿ. ಮೊನ್ನೆ ತಲೆ ಬಾಚಿಸಿಕೊಳ್ಳುತ್ತ ಹುಡುಗಿ ಕೇಳಿದ್ದಳು, “ಅಮ್ಮನ ದನಿ ಹೇಗಿತ್ತು ದೊಡ್ಡಮ್ಮ?” ಹುಡುಗಿ ಹಾಗೆ ವಿಚಾರಿಸಿದ್ದು ಅದೇ ಮೊದಲು. “ಇಟ್ಟಿದೀನಿ ಕಣೆ, ಕೇಳಿಸ್ತೀನಿ,” ಎಂದು ಮಾತು ಕೊಟ್ಟಾಗಿತ್ತು.

ವಿಷಯ ತಿಳಿಸಿದ್ದಕ್ಕೆ ರಜೆಯ ದಿನ ತಂಗಿಯ ಗಂಡ ಬಂದ. ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವವನು. ಮತ್ತೆ ಮದುವೆಯಾಗಿ ಬೇರೆ ಮನೆ ಮಾಡಿದ್ದರೂ ಮಗಳನ್ನು ನೋಡಲು ತಪ್ಪದೆ ಬರುತ್ತಿದ್ದ. ಹುಡುಗಿ ಈಜಲು ಹೋಗಿದ್ದಳು. ಅವನು ಕಂಪ್ಯೂಟರಿಗೆ ಕಿವಿ ಕೊಟ್ಟು ಕೇಳಿ ನಕ್ಕ.

“ಅಕ್ಕಾ, ಇದರ ಡಿಸ್ಕ್ ದಿನ ಎಣಿಸ್ತಾ ಇದೆ. ಎರಡು ಹೊಸ ಡಿಸ್ಕ್ ತಂದಿದೀನಿ. ಈಗ ಹೇಳಿ, ಫೈಲ್ ಸಿಸ್ಟಮ್ ಯಾವುದು ಹಾಕ್ಲಿ?”

“ಹಾಗಂದ್ರೆ ಏನಪ್ಪ? ನನಗೆ ಗೊತ್ತಿರೋ ಭಾಷೇಲಿ ಹೇಳು.”

“ಬೀರುವಿನಲ್ಲಿ ಬಟ್ಟೆ ಜೋಡಿಸೋ ರೀತಿ ಇರುತ್ತಲ್ಲ, ಹಾಗೆ. ಡಿಸ್ಕಿನಲ್ಲಿ ಯಾವುದನ್ನ ಎಲ್ಲಿ, ಹೇಗೆ ಇಡಬೇಕು ಅನ್ನೋ ಕ್ರಮ. ಈಗ ಇರೋದು ಹಳೇ ಕಾಲದ್ದು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ. ಒಳಗಡೆ ಕೆಟ್ಟಿದ್ರೂ ಕೆಟ್ಟಿದ್ದನ್ನೇ ತಂದು ಕೊಡುತ್ತೆ, ಒಂದು ಮಾತೂ ಆಡಲ್ಲ.”

“ಹೊಸದು?”

“ಅದು ಅನುಮಾನದ ಅತ್ತೆ. ಇಡುವಾಗ ಪ್ರತಿ ತುಂಡಿಗೂ ಒಂದು ಗುರುತು ಹಾಕುತ್ತೆ. ತೆಗೆಯುವಾಗ ತಾಳೆ ನೋಡುತ್ತೆ. ಸರಿ ಬರ್ಲಿಲ್ವೋ, ಎರಡನೇ ಡಿಸ್ಕಿನಿಂದ ಒಳ್ಳೇದನ್ನ ತಂದು ಹರಿದದ್ದಕ್ಕೆ ತೇಪೆ ಹಾಕುತ್ತೆ. ಕಂಪ್ಯೂಟರು ಸ್ವಲ್ಪ ನಿಧಾನ ಆಗಬಹುದು.”

“ನಿಧಾನ ಆಗ್ಲಿ. ಸುಳ್ಳು ಹೇಳದೇ ಇರೋದನ್ನ ಹಾಕು.”

ಅವನು ಡಿಸ್ಕುಗಳನ್ನು ಜೋಡಿಸಿದ. ಅವಳು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂತಳು. ಬೇರೆಲ್ಲ ಹೊಸ ಡಿಸ್ಕಿಗೆ ಹೋಗಿ ತಂಗಿಯ ರೆಕಾರ್ಡಿಂಗು ಮಾತ್ರ ಉಳಿದಾಗ ಅವನು ಕೈ ತಡೆದ.

“ಇದನ್ನ ಒಂದ್ಸಲ ಕೇಳಿಬಿಡೋಣ ಅಕ್ಕಾ.”

“ಬೇಡ. ಹಾಗೇ ಹಾಕು.”

“ಹಾಗಲ್ಲ. ನಾವು ಹೇಗೆ ಕೊಡ್ತೀವೋ ಅದನ್ನೇ ಇದು ಸರಿ ಅಂತ ಹಿಡ್ಕೊಳ್ಳುತ್ತೆ. ಮೊದಲೇ ಕೆಟ್ಟಿದ್ರೆ ಆ ಕೆಟ್ಟಿದ್ದನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೆ.”

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಅಡುಗೆಮನೆಗೆ ಎದ್ದು ಹೋಗಬೇಕೆಂದುಕೊಂಡಳು, ಅಷ್ಟರಲ್ಲಿ ಶುರುವಾಯಿತು. ಮೊದಲು ಹೊಲಿಗೆ ಮಷಿನ್ನಿನ ಸದ್ದು, ಅವಳದೇ ಮಷಿನ್ನು. ಅದರ ಮೇಲೆ ತಂಗಿ: “ಅಕ್ಕಾ, ಒಂಚೂರು ನಿಲ್ಲಿಸೇ, ಇವಳೇನೋ ಹೇಳ್ತಾ ಇದಾಳೆ.” ಮಷಿನ್ನು ನಿಂತಿತು. ಮಗು ಏನೋ ತೊದಲಿತು. ತಂಗಿ ಹತ್ತಿರ ಬಗ್ಗಿರಬೇಕು, ದನಿ ಮೆತ್ತಗಾಯಿತು: “ಪುಟ್ಟೀ, ನೀನು ದೊಡ್ಡೋಳಾದ ಮೇಲೆ...”

ಆಮೇಲೆ ತಗಡು ಕೆರೆದಂಥ ಕಿರುಚು. ಅದು ಮುಗಿದಾಗ ರೆಕಾರ್ಡಿಂಗಿನಲ್ಲಿ ಅಕ್ಕ ತಂಗಿ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಅವನು ಪರದೆಯಿಂದ ಕಣ್ಣು ಕೀಳದೆ, “ಬೇರೆ ಕಾಪಿ ಇದೆಯಾ?” ಎಂದ.

ಪೆನ್ ಡ್ರೈವ್ ತಂದು ಕೊಟ್ಟಳು. ಅದರಲ್ಲೂ ಅದೇ ಜಾಗದಲ್ಲಿ ಅದೇ ಕಿರುಚು.

“ಇದಕ್ಕಿಂತ ಹಳೇದು?”

“ವರ್ಷಾ ವರ್ಷಾ ಕಂಪ್ಯೂಟರಿಂದ ಹೊಸದಾಗಿ ಹಾಕ್ತಿದ್ದೆ. ಹಳೇದನ್ನ ಅಳಿಸಿಬಿಡ್ತಿದ್ದೆ.”

ಅವಳ ಕಸುಬಿನ ರೀತಿಯೇ ಅದು. ಅಂಗಿಯ ಕಾಗದದ ಅಚ್ಚು ಸವೆಯುವ ಮೊದಲೇ ಹೊಸ ಕಾಗದದ ಮೇಲೆ ಗೀಚಿ ಕತ್ತರಿಸಿಕೊಂಡು ಹಳೆಯದನ್ನು ಹರಿದು ಹಾಕುತ್ತಿದ್ದಳು. ಎರಡಿದ್ದರೆ ಗೊಂದಲ. ಆದರೆ ಅಚ್ಚು ಸೊಟ್ಟಗಾದರೆ ತೋಳು ಜೋಡಿಸುವಾಗ ತಿಳಿಯುತ್ತಿತ್ತು. ಈ ರೆಕಾರ್ಡಿಂಗನ್ನು ಅವಳು ಒಮ್ಮೆಯೂ ತೊಡಿಸಿ ನೋಡಿರಲಿಲ್ಲ. ತಂಗಿ ಹೋದ ಮೇಲೆ ಆ ದನಿ ಕೇಳುವ ಧೈರ್ಯ ಬಂದಿರಲಿಲ್ಲ. ಯಾವುದೋ ವರ್ಷ ಕಂಪ್ಯೂಟರಿನಲ್ಲಿ ಕೆಟ್ಟದ್ದನ್ನು ತಂದು, ಪೆನ್ ಡ್ರೈವಿನಲ್ಲಿದ್ದ ಒಳ್ಳೆಯದರ ಮೇಲೆ ತನ್ನ ಕೈಯಾರೆ ಹಾಸಿದ್ದಳು.

“ನಾನು ಅವತ್ತು ಡ್ಯೂಟೀಲಿದ್ದೆ,” ಎಂದ ಅವನು. “ನಿಮಗೆ ಜ್ಞಾಪಕ ಇದೆಯಾ ಅಕ್ಕಾ, ಏನಂದ್ಲು ಅಂತ?”

ಅವಳಿಗೆ ನಗು ಜ್ಞಾಪಕವಿತ್ತು. ಕಿಟಕಿಯ ಬಿಸಿಲು, ತಂಗಿಯ ಮಡಿಲಲ್ಲಿ ಒದ್ದಾಡುತ್ತಿದ್ದ ಪುಟ್ಟ ಕಾಲು ಜ್ಞಾಪಕವಿತ್ತು. ಆ ಮಾತು ಮಾತ್ರ ಇರಲಿಲ್ಲ. ರೆಕಾರ್ಡಿನಲ್ಲಿದೆಯಲ್ಲ ಎಂದು ಮನಸ್ಸು ಅದನ್ನು ಎಂದೋ ಕೆಳಗಿಟ್ಟುಬಿಟ್ಟಿತ್ತು.

“ಇರೋ ಹಾಗೇ ಹಾಕು,” ಎಂದಳು.

ಹುಡುಗಿ ಒದ್ದೆ ತಲೆಯಲ್ಲಿ ಬಂದು, “ಆಯ್ತಾ ಅಪ್ಪ? ಕೇಳಿಸಿ,” ಎನ್ನುತ್ತ ಕುರ್ಚಿ ಎಳೆದುಕೊಂಡಳು. ಅವನು ರೆಕಾರ್ಡಿಂಗು ಹಚ್ಚಿದ. ಹುಡುಗಿ ಕೊನೆಯವರೆಗೂ ಅಲುಗಾಡದೆ ಕೇಳಿದಳು.

“ದೊಡ್ಡೋಳಾದ ಮೇಲೆ ಏನು, ದೊಡ್ಡಮ್ಮ?”

“ಗೊತ್ತಿಲ್ಲ ಕಣೆ.”

“ನೀನು ಇಲ್ಲೇ ಇದ್ಯಲ್ಲ! ಮಷಿನ್ ನಿಲ್ಲಿಸಿದ್ದು ಕೇಳಿಸ್ತು.”

“ಇದ್ದೆ.”

“ಆಮೇಲೂ ಇದನ್ನ ಹಾಕಿ ಕೇಳ್ಲಿಲ್ವಾ? ಇಷ್ಟು ವರ್ಷದಲ್ಲಿ ಒಂದ್ಸಲಾನೂ?”

“ಇಲ್ಲಮ್ಮ. ಜೋಪಾನ ಮಾಡ್ತಾ ಇದ್ದೆ.”

ಹುಡುಗಿ ಅವಳ ಮುಖ ನೋಡಿದಳು. ತಿರುಗಿ ಮತ್ತೆ ಮೊದಲಿನಿಂದ ಹಚ್ಚಿದಳು. ದೊಡ್ಡಮ್ಮ ಅಭ್ಯಾಸಬಲದಿಂದ ಅಡುಗೆಮನೆಯ ಕಡೆ ಎದ್ದವಳು, ಬಾಗಿಲ ಬಳಿ ನಿಂತು, ಹಿಂದಿರುಗಿ ಬಂದು ಹುಡುಗಿಯ ಪಕ್ಕ ಕೂತಳು. ಹೊಸ ಡಿಸ್ಕುಗಳಿಂದ ಒಂದಿಷ್ಟೂ ಸದ್ದು ಬರುತ್ತಿರಲಿಲ್ಲ.

“ಅಕ್ಕಾ, ಒಂಚೂರು ನಿಲ್ಲಿಸೇ,” ಎಂದಳು ತಂಗಿ. ಮಷಿನ್ನು ನಿಂತಿತು.